ಲಂಟಾನವನ್ನು ಸವರಿದರೆ ಸಾಯುವುದಿಲ್ಲ

ಪ್ರಶ್ನೆ: ಶ್ರೀರಂಗಪಟ್ಟಣದ ಬಳಿ ಕಾವೇರಿ ದಂಡೆಯ ಲಂಟಾನ ಕಳೆಪೊದೆಯನ್ನು ನಮ್ಮ ಸ್ವಯಂಸೇವಕರು ಬೇಸಿಗೆಯಲ್ಲಿ ಬುಡಸಮೇತ ಕಡಿದರು. ಮಳೆ ಬಿದ್ದದ್ದೇ ತಡ, ಮೊದಲಿಗಿಂತ ದಟ್ಟವಾಗಿ ಚಿಗುರಿದೆ. ಬೆಂಕಿ ಹಚ್ಚಬಹುದೇ? ಉಪ್ಪುನೀರು ಸುರಿಯಬಹುದೇ?

ಉತ್ತರ: ಪ್ರತಿ ಮಳೆಗಾಲದಲ್ಲೂ ಇದೇ ಪ್ರಶ್ನೆ, ಊರಿನ ಹೆಸರಷ್ಟೇ ಬೇರೆ. ಬುಡಸಮೇತ ಕಡಿದಿದ್ದರೆ ಚಿಗುರುತ್ತಿರಲಿಲ್ಲ. ನೀವು ಮಚ್ಚಿನಿಂದ ನೆಲಮಟ್ಟಕ್ಕೆ ಸವರಿದ್ದೀರಿ, ಅಷ್ಟೆ. ಕಾಂಡ ಮುಗಿದು ಬೇರು ಶುರುವಾಗುವ ಗಂಟಿನಲ್ಲೇ ಅದರ ಜೀವವಿದೆ. ಬೆಂಕಿ ಹಚ್ಚಿದರೂ ಆ ಗಂಟು ಉಳಿಯುತ್ತದೆ. ಉಪ್ಪು ಸುರಿದರೆ ಮಣ್ಣು ಕೆಡುತ್ತದೆ. ಯಾರೋ ವಿಡಿಯೊದಲ್ಲಿ ಹೇಳಿದರೆಂದು ನದಿ ದಂಡೆಗೆ ಉಪ್ಪು ಹೊರುವವರಿಗೆ ಏನು ಹೇಳಲಿ?

ಬುಡ ಕಾಣುವಷ್ಟು ಕೊಂಬೆ ಸವರಿ. ಹಾರೆಯಿಂದ ಮಣ್ಣಿನ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಗಿಡವನ್ನೆತ್ತಿ ತಲೆಕೆಳಗಾಗಿ ಇಡಿ. ಬೇರಿಗೆ ಮಣ್ಣು ತಾಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಹೋದ್ಯೋಗಿಗಳು ಉತ್ತರಾಖಂಡದ ಕಾರ್ಬೆಟ್ ಹುಲಿಧಾಮದಲ್ಲಿ ರೂಢಿಸಿದ ವಿಧಾನವಿದು. ಹಸಿರು ಕಾಯಿ ಕಪ್ಪು ಹಣ್ಣಾಗುವ ಮೊದಲೇ ಮಾಡಿ.

ಆದರೆ ನಿಮ್ಮದು ದಂಡೆ. ಇಡೀ ದಂಡೆಯನ್ನು ಒಂದೇ ಭಾನುವಾರ ಬೋಳಿಸಿ ಫೋಟೊ ತೆಗೆಸಿಕೊಂಡರೆ, ಕೆ.ಆರ್.ಎಸ್. ಗೇಟು ತೆರೆದ ದಿನ ಮಣ್ಣೆಲ್ಲ ಹೊಳೆಪಾಲು. ಮೇಲಂಚಿನಿಂದ ತುಂಡು ತುಂಡಾಗಿ ಬನ್ನಿ. ತೆರವಾದಲ್ಲಿ ಸ್ಥಳೀಯ ಹುಲ್ಲು, ಹೊಂಗೆ, ಹೊಳೆಮತ್ತಿ ಬೇರೂರಿದ ಮೇಲಷ್ಟೇ ನೀರಂಚಿಗೆ ಕೈ ಹಾಕಿ. ನೀರುನಾಯಿಯ ಬಿಲ ಕಂಡರೆ ಆ ಜಾಗವನ್ನೇ ಬಿಟ್ಟುಬಿಡಿ. ಲಂಟಾನದ ಹಣ್ಣು ತಿಂದ ಪಿಕಳಾರಗಳು ಕೂರುವ ಮರದಡಿ ಅದರ ಸಸಿಗಳು ಏಳುತ್ತಲೇ ಇರುತ್ತವೆ. ಮುಂದಿನ ಮಳೆಗಾಲಗಳಲ್ಲೂ ಬಂದು ಕೀಳಬೇಕು. ಅಷ್ಟು ವ್ಯವಧಾನ ಇಲ್ಲದವರು ಶುರುಮಾಡದಿರುವುದೇ ಒಳ್ಳೆಯದು.

ಇನ್ನೊಂದು ಮಾತು. ಉತ್ಸಾಹದಲ್ಲಿ ಲಕ್ಕಿ ಗಿಡವನ್ನೂ ಕಡಿದ ತಂಡಗಳನ್ನು ಕಂಡಿದ್ದೇನೆ. ಲಂಟಾನದ ಎಳೆ ಕಾಂಡ ಚೌಕಾಕಾರ, ಮುಳ್ಳು ಕೈಗೆ ಕೊಕ್ಕೆ ಹಾಕುತ್ತದೆ, ಎಲೆ ಒರಟು. ಲಕ್ಕಿಯದು ಐದು ಬೆರಳಿನಂಥ ಎಲೆ. ಇಷ್ಟು ತಿಳಿಯದವರ ಕೈಗೆ ಮಚ್ಚು ಕೊಡಬೇಡಿ.

ಪ್ರಶ್ನೆ: ಕಳೆನಾಶಕ ಹೊಡೆದರೆ ಬೇಗ ಮುಗಿಯುವುದಿಲ್ಲವೇ?

ಉತ್ತರ: ನೀರಿನ ಪಕ್ಕದಲ್ಲಿ ನಾನಂತೂ ಹೊಡೆಯಲು ಬಿಡುವುದಿಲ್ಲ.

ಪ್ರಶ್ನೆ: ಪಾರ್ಥೇನಿಯಂ ತಿನ್ನುವ ಮೆಕ್ಸಿಕೊ ದುಂಬಿ ಎಲ್ಲಿ ಸಿಗುತ್ತದೆ?

ಉತ್ತರ: 1984ರಲ್ಲೇ ಬೆಂಗಳೂರಿನಲ್ಲಿ ಬಿಟ್ಟಿದ್ದಾರೆ, ಅಲ್ಲಿಂದ ತಾನೇ ಹರಡಿಕೊಂಡಿದೆ. ಮಳೆಗಾಲದಲ್ಲಿ ಎಲೆ ತಿರುವಿ ನೋಡಿ, ದುಡ್ಡು ಕೊಡಬೇಡಿ.

ಪ್ರಶ್ನೆ: ನೀರಿನ ಮೇಲೆ ಹಬ್ಬುವ ಅಂತರಗಂಗೆ ಕಳೆಯನ್ನು ಕರಗಿಸುವ ಸೂಕ್ಷ್ಮಾಣು ದ್ರಾವಣ ತರಿಸಲೇ?

ಉತ್ತರ: ಬೇಡ. ಕಳೆಯನ್ನು ಎಳೆದು ನೆರೆ ಮುಟ್ಟದ ಎತ್ತರಕ್ಕೆ ಹಾಕಿ, ಅದನ್ನು ಕೊಬ್ಬಿಸುವ ಚರಂಡಿ ನೀರು ಎಲ್ಲಿಂದ ಸೇರುತ್ತಿದೆಯೆಂದು ಹುಡುಕಿ.

ಪ್ರಶ್ನೆ: ಅರಣ್ಯ ಇಲಾಖೆಯ ಅನುಮತಿ ಬೇಕೇ?

ಉತ್ತರ: ಪಕ್ಷಿಧಾಮದೊಳಗಾದರೆ ಬೇಕೇ ಬೇಕು. ಕೇಳದೆ ನುಗ್ಗಿ ಸಿಕ್ಕಿಬಿದ್ದವರ ಪರವಾಗಿ ಪತ್ರ ಬರೆದುಕೊಡಲು ನನಗೆ ಬಿಡುವಿಲ್ಲ.