ಡಬ್ಬಿ ಇಡಿ, ಆದರೆ ಮೀಸೆ ಅವರಿಗೇ ಇರಲಿ

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನನ್ನದೊಂದು ಸಣ್ಣ ಸಲೂನ್ ಇದೆ. ಒಂದು ಪಕ್ಕ ಟೀ ಅಂಗಡಿ, ಇನ್ನೊಂದು ಪಕ್ಕ ಪಂಕ್ಚರ್ ಅಂಗಡಿ. ಗಂಡಸರ ಆರೋಗ್ಯಕ್ಕೆ ಅಂತ ನವೆಂಬರ್‌ನಲ್ಲಿ ಮೀಸೆ ಬೆಳೆಸಿ ಹಣ ಕೂಡಿಸುತ್ತಾರೆ ಎಂದು ಬೆಂಗಳೂರಿನಲ್ಲಿರುವ ಮಗ ಹೇಳಿದ. ನಾವು ಮೂವರೂ ಸೇರಿ ಅಂಥದ್ದೇನಾದರೂ ಮಾಡೋಣ ಅಂತಿದ್ದೇವೆ. ಡಬ್ಬಿ ಇಟ್ಟರೆ ಸಾಕಾ? ಗಂಡಸರ ಶಕ್ತಿಗೆ ಲೇಹ್ಯ ಮಾರುವವರೊಬ್ಬರು ಬ್ಯಾನರ್ ಹಾಕಿಸಿಕೊಡುತ್ತೇನೆ ಅಂತಲೂ ಬಂದಿದ್ದರು. ಒಪ್ಪಿಕೊಳ್ಳಲಾ?
– ಸಲೂನ್ ಮಾಲೀಕರು, ತುಮಕೂರು

ಉತ್ತರ: ಲೇಹ್ಯದವರನ್ನು ಮೊದಲು ಸಾಗಹಾಕಿ ಸ್ವಾಮಿ. ಅಂಥ ಜಾಹೀರಾತಿಗೆ 1954ರ ಕಾನೂನೇ ಅಡ್ಡ ಇದೆ. ಕಾನೂನು ಇಲ್ಲದಿದ್ದರೂ, ಆ ಬ್ಯಾನರ್ ಕೆಳಗೆ ನಿಂತು ಮಾತಾಡಲು ಯಾವ ಗಂಡಸು ಬರುತ್ತಾನೆ?

ಇನ್ನು ಮೀಸೆ. ಅದು 2003ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 30 ಜನ ತಮಾಷೆಗೆ ಶುರು ಮಾಡಿದ್ದು. ಮರು ವರ್ಷದಿಂದ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಕೆಲಸಕ್ಕೆ ಹಣ ಕೂಡಿಸತೊಡಗಿದರು. ಮೂವೆಂಬರ್ ಅಂತ ಅದರ ಹೆಸರು. ಮೀಸೆ ಅಪರೂಪವಾದ ಕಡೆ ಅದು ನಡೆಯುತ್ತದೆ. ಏನಿದು ಮೀಸೆ ಅಂತ ಯಾರಾದರೂ ಕೇಳುತ್ತಾರೆ, ಮಾತು ಶುರುವಾಗುತ್ತದೆ. ತುಮಕೂರಿನಲ್ಲಿ ಮೀಸೆ ಬಿಟ್ಟವನನ್ನು ಯಾರು ಕೇಳುತ್ತಾರೆ? ಬೋಳಿಸಿದರೆ ಕೇಳುತ್ತಾರೆ, ಮನೆಯಲ್ಲಿ ಯಾರು ಹೋದರು ಅಂತ! ನವೆಂಬರ್ ನಡುವಿಗೆ ಅಯ್ಯಪ್ಪ ಮಾಲೆಯವರ ಗಡ್ಡ ಬೇರೆ. ನಿಮಗೂ ಆಗ ವ್ಯಾಪಾರ ಡಲ್. ಆ ತಿಂಗಳನ್ನಷ್ಟೇ ಇಟ್ಟುಕೊಳ್ಳಿ.

ನಾನು ಮಂಡಿಪೇಟೆಯಲ್ಲಿ ಬಹಳ ವರ್ಷ ಮೆಡಿಕಲ್ ಶಾಪ್ ನಡೆಸಿದವನು. ಹೆಂಗಸರು ಡಾಕ್ಟರ ಚೀಟಿ ಹಿಡಿದು ಬರುತ್ತಿದ್ದರು. ಗಂಡಸರು ಬರಿಗೈಲಿ ಬರುತ್ತಿದ್ದರು. ಬೇರೆ ಗಿರಾಕಿ ಇದ್ದರೆ ಸುಮ್ನೆ ಶಾಂಪೂ ಪ್ಯಾಕೆಟ್ ನೋಡುತ್ತಾ ನಿಲ್ಲುವುದು. ಅವರು ಹೋದ ಮೇಲೆ ಮೆಲ್ಲಗೆ, "ಎದೆ ಉರಿಗೆ ಏನಾದ್ರೂ ಕೊಡಿ" ಅನ್ನುವುದು. ಎದೆ ಉರಿಯೆಲ್ಲಾ ಗ್ಯಾಸ್ ಅಲ್ಲ ಅಲ್ವಾ? ಜಿಲ್ಲಾ ಆಸ್ಪತ್ರೆಗೆ ಹೋಗಿ ಅಂದರೆ ಹಮಾಲಿ ಮಾಡುವವರದ್ದು ಒಂದೇ ಉತ್ತರ: ಇವತ್ತಿನ ಕೂಲಿ ಯಾರು ಕೊಡ್ತಾರೆ?

ನಿಮ್ಮ ಡಬ್ಬಿ ದುಡ್ಡು ಅಲ್ಲಿಗೇ ಹೋಗಲಿ. ಪರೀಕ್ಷೆಗೆ ಹೋದವನಿಗೆ ಒಂದು ದಿನದ ಕೂಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟರೆ ಬಸ್ ಚಾರ್ಜು. ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ, ಇವನು ಟಿಕೆಟ್ ತಗೋಬೇಕು. ದೊಡ್ಡ ಸಂಸ್ಥೆಗೆ ಕಳಿಸುವುದು ತಪ್ಪೇನಲ್ಲ. ಆದರೆ ಮೂರು ಅಂಗಡಿಯ ಚಿಲ್ಲರೆಗೆ ಇಲ್ಲೇ ಬೆಲೆ ಜಾಸ್ತಿ.

ಒಂದು ತೊಂದರೆ ಇದೆ. ನವೆಂಬರ್ ಅಂದರೆ ರಾಜ್ಯೋತ್ಸವದ ರಸೀದಿ ಪುಸ್ತಕಗಳ ಕಾಲ. ಇದೂ ಒಂದು ವಂತಿಗೆ ಅಂತ ಜನ ಮುಖ ತಿರುಗಿಸುತ್ತಾರೆ. ದುಡ್ಡು ಯಾತಕ್ಕೆ ಅಂತ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ವಾರಕ್ಕೊಮ್ಮೆ ಮೂವರೂ ಕೂತು ಎಣಿಸಿ, ಲೆಕ್ಕ ಟೀ ಅಂಗಡಿ ಗೋಡೆಗೆ ಅಂಟಿಸಿ. ಯುಪಿಐ ದುಡ್ಡನ್ನು ಮಾತ್ರ ನಿಮ್ಮ ಅಂಗಡಿ ಖಾತೆಗೆ ಹಾಕಿಸಿಕೊಳ್ಳಬೇಡಿ, ವ್ಯಾಪಾರದ ಲೆಕ್ಕದ ಜೊತೆ ಕಲಸಿಹೋಗುತ್ತದೆ. ಯುಪಿಐ ಲೆಕ್ಕ ನೋಡಿ 2025ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದ್ದು ನೆನಪಿದೆಯಲ್ಲ?

ದುಡ್ಡಿಗಿಂತ ದೊಡ್ಡದು ನಿಮ್ಮ ಕುರ್ಚಿ. 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಅಲ್ಲಿನ ವೈದ್ಯಾಧಿಕಾರಿಗೆ ಒಂದು ಅರ್ಜಿ ಕೊಡಿ, ಸಿಬ್ಬಂದಿಯನ್ನು ಅಂಗಡಿಗೇ ಕಳಿಸಿ ಅಂತ ಕೇಳಿ. ಮಂಗಳವಾರ ಹೇಗೂ ನಿಮಗೆ ರಜೆ, ಕುರ್ಚಿ ಖಾಲಿ. ಉಳಿದ ದಿನ ಶೇವಿಂಗ್ ಮಾಡುವಾಗ ಕುತ್ತಿಗೆಯಲ್ಲಿ ಗಂಟು ಕೈಗೆ ತಾಗಿದರೆ, ಗುಟ್ಕಾ ಹಾಕುವವನ ಬಾಯಲ್ಲಿ ಮಾಯದ ಹುಣ್ಣು ಕಂಡರೆ, ಕಾಯಿಲೆ ಹೆಸರು ಎತ್ತಬೇಡಿ. ತೋರಿಸಿಕೊಂಡು ಬನ್ನಿ ಅನ್ನಿ, ಅಷ್ಟು ಸಾಕು. ಹರೆಯದ ಹುಡುಗರಿಗೆ ಇನ್ನೊಂದು ಮಾತು ಹೇಳಬೇಕು: ವೃಷಣದಲ್ಲಿ ನೋವಿಲ್ಲದ ಗಂಟು ಇದ್ದರೂ ನಾಚದೆ ತೋರಿಸಿ. ಆ ಕ್ಯಾನ್ಸರ್ ವಯಸ್ಸಾದವರಿಗಿಂತ ಹುಡುಗರಿಗೇ ಜಾಸ್ತಿ. ಬೇಗ ಸಿಕ್ಕರೆ ಬಹುತೇಕ ಎಲ್ಲರಿಗೂ ವಾಸಿಯಾಗುತ್ತದೆ.

ಕನ್ನಡಿಯ ಮೂಲೆಯಲ್ಲಿ 14416 ಅಂತ ಬರೆಸಿ. ಸರ್ಕಾರದ ಟೆಲಿ ಮಾನಸ್ ನಂಬರು. ಮನಸ್ಸಿಗೆ ಕಷ್ಟ ಅನ್ನಿಸಿದಾಗ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಹತ್ತರಲ್ಲಿ ಏಳು ಮಂದಿ ಗಂಡಸರು. ಯಾರಿಗೂ ಹೇಳಿಕೊಳ್ಳದವನು ಕೂಡ ಕಟಿಂಗ್ ಮುಗಿಯುವ ತನಕ ಕನ್ನಡಿ ನೋಡಲೇಬೇಕು.

ಪ್ರಶ್ನೆ: ನಮ್ಮ ಯಜಮಾನರಿಗೆ 58. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಶುಗರ್ ಇರಬೇಕು ಅಂತ ತಾವೇ ತೀರ್ಮಾನಿಸಿ ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆ. ಡಾಕ್ಟರ ಹತ್ತಿರ ಮಾತ್ರ ಬರುವುದಿಲ್ಲ.
– ಓದುಗರು, ತಿಪಟೂರು

ಉತ್ತರ: ಶುಗರ್ ಇದ್ದರೂ ಇರಬಹುದು ತಾಯಿ, ಪರೀಕ್ಷೆ ಮಾಡಿಸಿ. ಆದರೆ 50 ದಾಟಿದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗುವುದು ತುಂಬಾ ಸಾಮಾನ್ಯ. ಅದು ಕ್ಯಾನ್ಸರ್ ಅಲ್ಲ, ಎಷ್ಟೋ ಜನರಿಗೆ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ. ಡಾಕ್ಟರು ಪಿಎಸ್‌ಎ ಅಂತ ರಕ್ತ ಪರೀಕ್ಷೆ ಬರೆದುಕೊಟ್ಟರೆ ಗಾಬರಿ ಬೇಡ. ಅದು ಜಾಸ್ತಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಮೂತ್ರದಲ್ಲಿ ರಕ್ತ ಕಂಡರೆ, ಇಲ್ಲವೇ ಮೂತ್ರ ಕಟ್ಟಿಕೊಂಡರೆ ಅದೇ ದಿನ ಹೋಗಿ. ಇಲ್ಲದಿದ್ದರೆ ಕೊಬ್ಬರಿ ಹರಾಜು ಇಲ್ಲದ ಒಂದು ದಿನ ನೋಡಿ ಹೊರಡಿಸಿ. ಡಾಕ್ಟರ ಕೋಣೆಯೊಳಗೆ ನೀವೂ ಹೋಗಿ. ರಾತ್ರಿ ಎಷ್ಟು ಸಲ ಏಳುತ್ತೀರಿ ಅಂದರೆ ಅವರು "ಒಂದೋ ಎರಡೋ" ಅಂದುಬಿಡುತ್ತಾರೆ.