ಫೀಸು, ಸ್ಕಾಲರ್‌ಶಿಪ್, ಹಾಸ್ಟೆಲ್: ಓದುಗರು ಕೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸರ್ಕಾರಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಖರ್ಚಿನ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ದುಡ್ಡು ಮಂಜೂರಾಗಿದೆ ಎಂದು ತೋರಿಸುತ್ತದೆ, ಖಾತೆಗೆ ಮಾತ್ರ ಒಂದು ಪೈಸೆಯೂ ಬಂದಿಲ್ಲ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ, ನಮ್ಮದೇನೂ ತೊಂದರೆ ಇಲ್ಲ’ ಎನ್ನುತ್ತಾರೆ. — ಓದುಗರು, ಹಾವೇರಿ ಜಿಲ್ಲೆ

ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಕೆವೈಸಿಗೆಂದು ಖಾತೆಗೆ ಆಧಾರ್ ಕೊಟ್ಟಿರುವುದು ಒಂದು. ಆ ಆಧಾರ್‌ಗೆ ಬರುವ ಸರ್ಕಾರಿ ಹಣ ಇದೇ ಬ್ಯಾಂಕಿಗೆ ಹೋಗಬೇಕು ಎಂದು, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ದಾಖಲಾಗಿರುವುದು ಇನ್ನೊಂದು. ಇದಕ್ಕೇ ಸೀಡಿಂಗ್ ಎನ್ನುತ್ತಾರೆ. ಸ್ಕಾಲರ್‌ಶಿಪ್ ದುಡ್ಡು ನಡೆಯುವುದು ಎರಡನೆಯದನ್ನು ನೋಡಿಕೊಂಡು. ಆಧಾರ್ ಸಂಖ್ಯೆಯೇ ಇಲ್ಲಿ ವಿಳಾಸ. ಅರ್ಜಿಯಲ್ಲಿ ಯಾವ ಪಾಸ್‌ಬುಕ್ ತೋರಿಸಿದ್ದೀರಿ ಎಂಬುದರ ಮೇಲೆ ಅದು ನಿಂತಿಲ್ಲ.

ಮೊದಲು ಮೈಆಧಾರ್ ಜಾಲತಾಣದಲ್ಲಿ ಮಗಳ ಆಧಾರ್ ಹಾಕಿ, ಒಟಿಪಿ ಕೊಟ್ಟು, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆಯಿರಿ. ಅಲ್ಲಿ ಒಂದು ಬ್ಯಾಂಕಿನ ಹೆಸರು, ಅದರ ಪಕ್ಕ ಆಕ್ಟಿವ್ ಅಥವಾ ಇನಾಕ್ಟಿವ್ ಎಂದು ಇರುತ್ತದೆ. ಎಷ್ಟೋ ಸಲ ಕಾಣುವುದು ಮನೆಯವರಿಗೆ ನೆನಪೇ ಇಲ್ಲದ ಬ್ಯಾಂಕು: ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳಚ್ಚು ತೆಗೆದುಕೊಂಡು ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯೋ, ಹೈಸ್ಕೂಲಿನಲ್ಲಿ ತೆರೆದು ಬಿಟ್ಟ ಖಾತೆಯೋ ಆಗಿರುತ್ತದೆ. ಕೊನೆಗೆ ಯಾವ ಬ್ಯಾಂಕು ದಾಖಲಿಸಿತೋ ದುಡ್ಡು ಅಲ್ಲಿಗೆ ಹೋಗುತ್ತದೆ. ಹಾಗಾಗಿ ದೂರು ಕೊಡುವ ಮುಂಚೆ ಆ ಹಳೇ ಖಾತೆಯ ಬ್ಯಾಲೆನ್ಸ್ ನೋಡಿ. ದುಡ್ಡು ಅಲ್ಲೇ ಕೂತಿರಬಹುದು.

ಇನಾಕ್ಟಿವ್ ಎಂದಿದ್ದರೆ, ಅಥವಾ ಬೇರೆ ಬ್ಯಾಂಕು ಬೇಕಿದ್ದರೆ, ಬೇಕಾದ ಶಾಖೆಗೆ ಹೋಗಿ ‘ಆಧಾರ್ ಲಿಂಕ್ ಮಾಡಿ’ ಎನ್ನಬೇಡಿ. ‘ಡಿಬಿಟಿಗೆ (ಸರ್ಕಾರಿ ಹಣ ನೇರ ಖಾತೆಗೆ ಬರಲು) ಎನ್‌ಪಿಸಿಐ ಸೀಡಿಂಗ್ ಮಾಡಬೇಕು, ಒಪ್ಪಿಗೆ ಫಾರಂ ಕೊಡಿ’ ಎಂದು ಕೇಳಿ. ಬೇರೆ ಬ್ಯಾಂಕಿನಿಂದ ಬದಲಾಯಿಸುತ್ತಿದ್ದರೆ ಹಳೇ ಬ್ಯಾಂಕಿನ ಹೆಸರು ಬರೆಯುವ ಜಾಗ ಆ ಫಾರಂನಲ್ಲಿ ಇರುತ್ತದೆ, ಅದನ್ನು ಖಾಲಿ ಬಿಡಬೇಡಿ. ಕೆಲ ದಿನ ಬಿಟ್ಟು ಸ್ಟೇಟಸ್ ಮತ್ತೆ ನೋಡಿ.

ಸೀಡಿಂಗ್ ಸರಿಯಿದ್ದೂ ದುಡ್ಡು ವಾಪಸ್ ಹೋಗುವುದುಂಟು. ಎರಡು ವರ್ಷ ವಹಿವಾಟಿಲ್ಲದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯ ಎಂದು ಇಡುತ್ತದೆ. ಕೆವೈಸಿ ಕೊಟ್ಟು ಮತ್ತೆ ಚಾಲ್ತಿ ಮಾಡಿಸಬೇಕು. ಪೂರ್ತಿ ಕೆವೈಸಿ ಇಲ್ಲದೆ ತೆರೆದ ‘ಸ್ಮಾಲ್ ಅಕೌಂಟ್’ನಲ್ಲಿ 50,000 ರೂಪಾಯಿಗಿಂತ ಹೆಚ್ಚು ಬ್ಯಾಲೆನ್ಸ್ ಇರುವಂತಿಲ್ಲ, ವರ್ಷಕ್ಕೆ ಒಟ್ಟು ಜಮಾ 1 ಲಕ್ಷ ದಾಟುವಂತಿಲ್ಲ. ಮನೆಯ ಬೇರೆ ದುಡ್ಡನ್ನೂ ಅದೇ ಖಾತೆಯಲ್ಲಿ ಓಡಿಸಿದರೆ ವರ್ಷದ ಮಿತಿ ಬೇಗ ತುಂಬುತ್ತದೆ. ಖಾತೆ ಮಗಳ ಹೆಸರಿನಲ್ಲೇ, ಮಗಳ ಆಧಾರ್‌ನಿಂದಲೇ ಇರಬೇಕು, ಅಪ್ಪನದು ನಡೆಯುವುದಿಲ್ಲ.

ಎಲ್ಲ ಸರಿಪಡಿಸಿದ ಮೇಲೆ ದುಡ್ಡು ತಾನಾಗಿ ಬರುತ್ತದೆಂದು ಕಾಯಬೇಡಿ. ಸೀಡಿಂಗ್ ಆಕ್ಟಿವ್ ಇರುವ ಪುಟದ ಪ್ರಿಂಟ್, ಎಸ್‌ಎಸ್‌ಪಿ ಅರ್ಜಿ ಸಂಖ್ಯೆ ಎರಡನ್ನೂ ತಾಲ್ಲೂಕಿನ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ಬರಹದಲ್ಲಿ ಕೊಟ್ಟು, ದುಡ್ಡನ್ನು ಮತ್ತೊಮ್ಮೆ ಪಾವತಿಗೆ ಹಾಕಲು ಕೇಳಿ, ಸ್ವೀಕೃತಿ ಪಡೆಯಿರಿ. ಪಾವತಿಯ ವಿವರವನ್ನು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಬಹುದು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ರಾಜ್ಯದ ಪಾಲು ಶೇ 40, ಕೇಂದ್ರದ್ದು ಶೇ 60. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ್ದು ಬೇರೆಯಾಗಿ ಬರುತ್ತದೆ. ಮೊದಲ ಕಂತು ಮಾತ್ರ ಬಂದಾಗ ‘ಅರ್ಧ ನುಂಗಿದರು’ ಎಂದು ಕಾಲೇಜಿನವರ ಮೇಲೆ ಹರಿಹಾಯಬೇಡಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಯಾವುದನ್ನು ತಿದ್ದಿಸಲಿ? — ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಎಸ್ಸೆಸ್ಸೆಲ್ಸಿಯನ್ನು ಮುಟ್ಟಬೇಡಿ. ಪಿಯುಸಿ, ವಿಶ್ವವಿದ್ಯಾಲಯದ ನೋಂದಣಿ, ಪದವಿ ಪ್ರಮಾಣಪತ್ರ ಎಲ್ಲವೂ ಅದನ್ನೇ ಹಿಡಿದು ಬರುತ್ತವೆ. ಅದಕ್ಕೆ ಹೊಂದುವಂತೆ ಆಧಾರ್ ತಿದ್ದಿಸಿ, ಆಮೇಲೆ ನಾಡಕಚೇರಿಗೆ ಹೋಗಿ. ಕ್ರಮ ತಿರುವುಮುರುವಾದರೆ ಎರಡು ಸಲ ಅಲೆದಾಟ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಕೇಂದ್ರದ ಆಪರೇಟರ್ ಟೈಪ್ ಮಾಡಿದ್ದನ್ನು ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಓದಿದ ಮೇಲೆಯೇ ಸರಿ ಅನ್ನಿ. ಇಂಗ್ಲಿಷ್‌ನಲ್ಲಿ ‘ಮಂಜುನಾಥ’ದ ಕೊನೆಗೆ ಒಂದು ‘ಎ’ ಇದೆಯೋ ಇಲ್ಲವೋ ಎಂಬಷ್ಟಕ್ಕೇ ಅರ್ಜಿ ನಿಂತುಬಿಡುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ಹೊಸದಾಗಿ ಮಾಡಿಸಿದಾಗ ಅದರ ಮೇಲಿರುವ ಆರ್‌ಡಿ ನಂಬರೂ ಹೊಸದು. ಎಸ್‌ಎಸ್‌ಪಿಯಲ್ಲಿ ಹಳೆಯದನ್ನೇ ಬಿಟ್ಟರೆ ಹಳೇ ಹೆಸರೇ ಬರುತ್ತದೆ. ‘ಆರ್‌ಡಿ’ ಎಂಬ ಎರಡು ಅಕ್ಷರದ ನಂತರ 13 ಅಂಕಿಗಳಿರುತ್ತವೆ. ಸೊನ್ನೆಯ ಜಾಗದಲ್ಲಿ ಇಂಗ್ಲಿಷ್ ‘ಒ’ ಒತ್ತುವುದು ಸೈಬರ್ ಸೆಂಟರ್‌ಗಳಲ್ಲಿ ದಿನಾ ಆಗುವ ತಪ್ಪು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿ ನಡುವೆ ಮುಗಿಯುತ್ತದೆ, ತಾರೀಕು ನೋಡಿಕೊಳ್ಳಿ.

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದೆ. ರಾಜ್ಯದ ಎಸ್‌ಎಸ್‌ಪಿ, ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿ ಎರಡಕ್ಕೂ ಹಾಕಬಹುದೇ? — ವಿದ್ಯಾರ್ಥಿನಿ, ಶಿವಮೊಗ್ಗ

ಎನ್‌ಎಸ್‌ಪಿಯಲ್ಲಿ ನೀವು ನೋಡುತ್ತಿರುವುದು ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಕೇಂದ್ರೀಯ ವಲಯದ ಯೋಜನೆ ಎಂದುಕೊಳ್ಳುತ್ತೇವೆ. ಪಿಯುಸಿಯಲ್ಲಿ ನಿಮ್ಮ ವಿಭಾಗದ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಕುಟುಂಬದ ಆದಾಯ 4.5 ಲಕ್ಷ ಮೀರಬಾರದು, ರೆಗ್ಯುಲರ್ ಕೋರ್ಸ್ ಆಗಿರಬೇಕು. 80ನೇ ಪರ್ಸೆಂಟೈಲ್ ಅಂದರೆ ಶೇ 80 ಅಂಕವಲ್ಲ; ನೂರು ಜನರಲ್ಲಿ ಎಂಬತ್ತು ಜನ ನಿಮಗಿಂತ ಕೆಳಗಿರಬೇಕು ಎಂದರ್ಥ. ಪದವಿಯ ಮೊದಲ ಮೂರು ವರ್ಷ ತಲಾ 12,000, ಸ್ನಾತಕೋತ್ತರದಲ್ಲಿ ವರ್ಷಕ್ಕೆ 20,000 ರೂಪಾಯಿ. ಪ್ರತಿ ವರ್ಷ ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು.

ಇದನ್ನು ಪಡೆಯುವವರು ರಾಜ್ಯದ ಸ್ಕಾಲರ್‌ಶಿಪ್ಪನ್ನಾಗಲಿ ಶುಲ್ಕ ಮರುಪಾವತಿಯನ್ನಾಗಲಿ ಪಡೆಯುವಂತಿಲ್ಲ. ಎರಡೂ ಕಡೆ ಆಧಾರ್ ಇರುವುದರಿಂದ ಮುಚ್ಚಿಡಲೂ ಆಗದು. ಹಾಗಾದರೆ ಯಾವುದು ಲಾಭ? ಲೆಕ್ಕ ಹಾಕಿ ನೋಡಬೇಕು. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ, ಆದಾಯ 2.5 ಲಕ್ಷದೊಳಗಿದ್ದರೆ, ಮೆಟ್ರಿಕ್ ನಂತರದ ಯೋಜನೆಯಲ್ಲಿ ಕಡ್ಡಾಯ ಶುಲ್ಕದ ಜೊತೆಗೆ ಮನೆಯಿಂದ ಓಡಾಡುವವರಾದರೆ ವರ್ಷಕ್ಕೆ 3,000, ಹಾಸ್ಟೆಲಿನವರಾದರೆ 6,000 ರೂಪಾಯಿ ಭತ್ಯೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಮತ್ತು ಪ್ರಯೋಗಾಲಯ ಶುಲ್ಕದ ವಿನಾಯಿತಿ ಇರುವುದರಿಂದ ವಾಪಸ್ ಬರಬೇಕಾದ ಫೀಸೇ ಕಡಿಮೆ. ಅಂಥ ಕಡೆ, ಆಯ್ಕೆಯಾಗುವುದಾದರೆ, ಕೇಂದ್ರದ 12,000 ಹೆಚ್ಚು. ಫೀಸು ದೊಡ್ಡದಿರುವ ವೃತ್ತಿಪರ ಕೋರ್ಸಿನಲ್ಲಿ ಎಸ್‌ಎಸ್‌ಪಿಯೇ ಮೇಲು.

ಎನ್‌ಎಸ್‌ಪಿಗೆ ಮೊದಲು 14 ಅಂಕಿಯ ಒಟಿಆರ್ (ಒಂದೇ ಸಲ ಮಾಡುವ ನೋಂದಣಿ) ನಂಬರ್ ಮಾಡಿಕೊಳ್ಳಬೇಕು. ಮೊಬೈಲಿನಲ್ಲಿ ಮುಖ ತೋರಿಸಿ ದೃಢೀಕರಿಸುವ ಹಂತ ಅದರಲ್ಲಿದೆ. ಅರ್ಜಿ ಸಲ್ಲಿಸಿದರೆ ಕೆಲಸ ಮುಗಿಯಲಿಲ್ಲ, ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದೆ ಕಳಿಸಬೇಕು. ‘ಡಿಫೆಕ್ಟಿವ್’ ಎಂದು ವಾಪಸಾಗಿದ್ದರೆ ನಿಗದಿತ ದಿನದೊಳಗೆ ತಿದ್ದಿ ಮತ್ತೆ ಸಲ್ಲಿಸಬಹುದು. ವಾರಕ್ಕೊಮ್ಮೆ ಲಾಗಿನ್ ಆಗಿ ನೋಡದವರು ಕಳೆದುಕೊಳ್ಳುವುದು ಇಲ್ಲೇ.

ನೀವು ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ–ಕಾಲೇಜಿನಲ್ಲೇ ಓದಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಕೂಡ ನೋಡಿ. ಹೆಣ್ಣುಮಕ್ಕಳಿಗೆ ಮಾತ್ರ, ವರ್ಷಕ್ಕೆ 30,000 ರೂಪಾಯಿ, ಪದವಿಯ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು.

ಮಗ ಧಾರವಾಡದಲ್ಲಿ ಎಂ.ಎಸ್ಸಿ. ಸೇರುವವನಿದ್ದಾನೆ. ಫೀಸು ಎಷ್ಟೆಂದು ಗೊತ್ತಾಗಿದೆ. ಉಳಿದ ಖರ್ಚು ಎಷ್ಟು ಹಿಡಿಯಬೇಕು? — ಓದುಗರು, ಕೊಪ್ಪಳ

ಮೊದಲು ಆ ಫೀಸು ಯಾವ ಸೀಟಿನದು ಎಂದು ಕೇಳಿಕೊಳ್ಳಿ. ಸ್ನಾತಕೋತ್ತರದಲ್ಲಿ ಮೆರಿಟ್ ಸೀಟಿನ ಜೊತೆಗೆ ಪೇಮೆಂಟ್ ಅಥವಾ ಸ್ವಯಂ ಹಣಕಾಸು ಸೀಟುಗಳೂ ಇರುತ್ತವೆ. ಒಂದೇ ತರಗತಿ, ಒಂದೇ ಬೆಂಚು, ಫೀಸು ಮಾತ್ರ ಹಲವು ಪಟ್ಟು. ಆ ಹೆಚ್ಚುವರಿ ಮೊತ್ತ ಸ್ಕಾಲರ್‌ಶಿಪ್‌ನಲ್ಲಿ ಬರುವುದಿಲ್ಲ ಎಂದೇ ಲೆಕ್ಕ ಹಾಕಿ. ಪ್ರವೇಶದ ಚಲನ್‌ನಲ್ಲಿ ಇಲ್ಲದ್ದೂ ಕೆಲವಿವೆ: ಪ್ರತಿ ಸೆಮಿಸ್ಟರಿನ ಪರೀಕ್ಷಾ ಶುಲ್ಕ, ರೆಕಾರ್ಡ್ ಪುಸ್ತಕ, ಪ್ರಾಜೆಕ್ಟ್, ಫೇಲಾದರೆ ಮರುಮೌಲ್ಯಮಾಪನ, ಕೊನೆಗೆ ಘಟಿಕೋತ್ಸವದ ಶುಲ್ಕ.

ದೊಡ್ಡ ಖರ್ಚು ಊಟದ್ದು. ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಡಿವೈಡಿಂಗ್ ಪದ್ಧತಿ: ತಿಂಗಳ ದಿನಸಿ, ತರಕಾರಿ, ಗ್ಯಾಸ್, ಅಡುಗೆಯವರ ಸಂಬಳ ಎಲ್ಲ ಕೂಡಿಸಿ ಉಂಡವರಿಗೆ ಹಂಚುತ್ತಾರೆ. ಇದರಲ್ಲಿ ದಿನಸಿ ತಲೆಗೆ ತಕ್ಕಂತೆ ಕಡಿಮೆಯಾಗುತ್ತದೆ, ಸಂಬಳ ಆಗುವುದಿಲ್ಲ. ಸಂಬಳದ್ದೇ 60,000 ಎಂದಿಟ್ಟುಕೊಳ್ಳಿ. ನೂರು ಜನರಿದ್ದರೆ ತಲೆಗೆ 600. ಹಬ್ಬಕ್ಕೋ ಪರೀಕ್ಷೆ ಮುಗಿಯಿತೆಂದೋ ನಲವತ್ತು ಜನ ಊರಿಗೆ ಹೋದರೆ ಉಳಿದ ಅರವತ್ತು ಜನರಿಗೆ ತಲಾ 1,000. ದಸರೆ, ದೀಪಾವಳಿ ತಿಂಗಳ ಬಿಲ್ಲು ಏಕೆ ಜಾಸ್ತಿ ಎಂಬ ಜಗಳದ ಮೂಲ ಇದೇ. ಮಗ ಊರಿಗೆ ಬರುವಾಗ ಮುಂಚೆಯೇ ಮೆಸ್ ಪುಸ್ತಕದಲ್ಲಿ ಹೆಸರು ತೆಗೆಸಿ ಬರಲಿ, ಬಂದ ಮೇಲೆ ಹೇಳಿದರೆ ಕಡಿತ ಕೊಡುವುದಿಲ್ಲ. ಮೆಸ್ ಡಿಪಾಸಿಟ್ ರಸೀದಿಯನ್ನು ಎರಡು ವರ್ಷ ಜೋಪಾನ ಮಾಡಿ.

ಹಿಂದುಳಿದ ವರ್ಗದವರಾಗಿದ್ದರೆ ಬಿಸಿಎಂ ಹಾಸ್ಟೆಲಿಗೆ ಅರ್ಜಿ ಹಾಕಲೇಬೇಕು, ಸಿಗುವುದಿಲ್ಲ ಎಂದು ಗೊತ್ತಿದ್ದರೂ. ತಿಂಗಳಿಗೆ 1,500ರಂತೆ ವರ್ಷಕ್ಕೆ 10 ತಿಂಗಳು ಎಂದು ಶುರುವಾದ ವಿದ್ಯಾಸಿರಿ ನೆರವು ಇರುವುದು ಹಾಸ್ಟೆಲ್ ಸಿಗದವರಿಗಾಗಿ. ಓದುವ ಊರಿನಲ್ಲೇ ಮನೆ ಇರುವವರಿಗೆ ಅದು ಇಲ್ಲ.

ಎಂ.ಎಸ್ಸಿ. ಮೊದಲ ವರ್ಷದಲ್ಲೇ ಎನ್‌ಎಸ್‌ಪಿಯಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನಕ್ಕೂ ಹಾಕಿ. ತಿಂಗಳಿಗೆ 15,000, ವರ್ಷಕ್ಕೆ 10 ತಿಂಗಳು, ಎರಡು ವರ್ಷ. ಅಂದರೆ ಒಟ್ಟು 3 ಲಕ್ಷ. ಇಡೀ ದೇಶಕ್ಕೆ 10,000 ಜನರಿಗೆ ಮಾತ್ರ, ಆಯ್ಕೆ ಪದವಿಯ ಅಂಕದ ಮೇಲೆ. ಸಿಕ್ಕರೆ ಹಾಸ್ಟೆಲು, ಊಟ, ಪುಸ್ತಕ ಎಲ್ಲ ಅದರಲ್ಲೇ ಸಾಗುತ್ತದೆ. ಏನೇ ಆದರೂ ಮೊದಲ ಸೆಮಿಸ್ಟರಿನ ಖರ್ಚನ್ನು ಯಾವ ಸ್ಕಾಲರ್‌ಶಿಪ್ಪನ್ನೂ ನಂಬದೆ ಕೈಯಲ್ಲಿ ಇಟ್ಟುಕೊಂಡೇ ಕಳಿಸಿ.

ಬಿ.ಎಸ್ಸಿ.ಗೆ ಸೇರಿ 12,000 ಕಟ್ಟಿದ್ದೆ. ಆಮೇಲೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಕಾಲೇಜಿನವರು ಫೀಸೂ ಕೊಡುತ್ತಿಲ್ಲ, ಅಂಕಪಟ್ಟಿಯೂ ಕೊಡುತ್ತಿಲ್ಲ. — ವಿದ್ಯಾರ್ಥಿ, ತುಮಕೂರು

ಮೂಲ ಅಂಕಪಟ್ಟಿ ಹಿಡಿದಿಡುವಂತಿಲ್ಲ. ಯುಜಿಸಿಯ 2018ರ ಅಧಿಸೂಚನೆ ಹಾಗೆಂದು ಸ್ಪಷ್ಟವಾಗಿ ಹೇಳಿದೆ. ಅದೇ ಅಧಿಸೂಚನೆಯಲ್ಲಿ ಫೀಸಿನ ಲೆಕ್ಕವೂ ಇದೆ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಪೂರ್ತಿ ವಾಪಸ್. ಹೆಚ್ಚೆಂದರೆ ಶೇ 5, ಅದೂ 5,000 ಮೀರದಂತೆ ಹಿಡಿಯಬಹುದು. ಕೊನೆಯ ದಿನಕ್ಕೆ 15 ದಿನದೊಳಗಿದ್ದರೆ ಶೇ 90, ಕೊನೆಯ ದಿನ ಕಳೆದು 15 ದಿನದವರೆಗೆ ಶೇ 80, ಆಮೇಲೆ 30ನೇ ದಿನದವರೆಗೆ ಶೇ 50. ನಿಮ್ಮ 12,000ಕ್ಕೆ ಇವು 10,800, 9,600, 6,000 ಆಗುತ್ತವೆ. ಅದಾದ ಮೇಲೆ ಏನೂ ಇಲ್ಲ, ಡಿಪಾಸಿಟ್ ಮಾತ್ರ ಯಾವಾಗಲೂ ಪೂರ್ತಿ ಬರಬೇಕು. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ದಿನಾಂಕಗಳನ್ನು ಪ್ರಕಟಿಸಿದ್ದೂ ಇದೆ, ನಿಮ್ಮ ವರ್ಷದ ಸುತ್ತೋಲೆ ನೋಡಿ.

ಎಣಿಕೆ ನಡೆಯುವುದು ನೀವು ಬರಹದಲ್ಲಿ ಅರ್ಜಿ ಕೊಟ್ಟ ದಿನದಿಂದ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ. ಇವತ್ತೇ ಪ್ರಾಂಶುಪಾಲರಿಗೆ ಪತ್ರ ಕೊಟ್ಟು ಮೊಹರು ಹಾಕಿಸಿಕೊಳ್ಳಿ; ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್. ಅರ್ಜಿ ಮುಟ್ಟಿದ 15 ದಿನದೊಳಗೆ ಹಣ ಕೊಡಬೇಕು. ಕೊಡದಿದ್ದರೆ ವಿಶ್ವವಿದ್ಯಾಲಯದ ಕುಲಸಚಿವರಿಗೂ ಯುಜಿಸಿಯ ದೂರು ಪೋರ್ಟಲ್‌ಗೂ ಅದೇ ಪ್ರತಿ ಲಗತ್ತಿಸಿ ಬರೆಯಿರಿ.

ಎಸ್‌ಎನ್‌ಕ್ಯು (ಸೂಪರ್‌ನ್ಯೂಮರರಿ ಕೋಟಾ) ಸೀಟು ಎಂದರೆ ಪೂರ್ತಿ ಉಚಿತವೇ? — ಓದುಗರು, ವಿಜಯಪುರ

ಇಲ್ಲ. ಬೋಧನಾ ಶುಲ್ಕ ಮಾತ್ರ ಮಾಫಿ. ಉಳಿದ ಶುಲ್ಕಗಳನ್ನು ಕಟ್ಟಬೇಕು. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟಿರುವ ಈ ಸೀಟುಗಳು ಆದಾಯ 8 ಲಕ್ಷದೊಳಗಿನವರಿಗೆ. ಒಮ್ಮೆ ತೆಗೆದುಕೊಂಡರೆ ಮುಂದೆ ಕಾಲೇಜನ್ನಾಗಲಿ ಬ್ರಾಂಚನ್ನಾಗಲಿ ಬದಲಾಯಿಸಲು ಬಿಡುವುದಿಲ್ಲ.

ಮಗನ ಓದಿಗೆ ಸಾಲ ಮಾಡದೆ ಆಗುವುದಿಲ್ಲ. ಬ್ಯಾಂಕಿನವರು ಜಮೀನು ಅಡ ಕೇಳುತ್ತಿದ್ದಾರೆ. — ಓದುಗರು, ಚಿತ್ರದುರ್ಗ

ಮಗ ಸೇರಿರುವ ಸಂಸ್ಥೆ ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಈ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಅರ್ಜಿಯನ್ನು ಶಾಖೆಯಲ್ಲಲ್ಲ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ. ಶಾಖೆ ತಿರಸ್ಕರಿಸಿದರೆ ದಾಖಲೆ ಉಳಿಯುತ್ತದೆ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ ಸಿಗುವ ಅವಕಾಶವಿದೆ. ಆದಾಯ 4.5 ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಆಗಿದ್ದರೆ ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಪೂರ್ತಿ ಕೇಂದ್ರವೇ ಭರಿಸುವ ಯೋಜನೆ ಬೇರೆಯಿದೆ.

ಸಾಲವನ್ನು ಒಟ್ಟಿಗೆ ಎತ್ತಬೇಡಿ. ಶೇ 9ರಂತೆ 4 ಲಕ್ಷಕ್ಕೆ ವರ್ಷಕ್ಕೆ 36,000 ಬಡ್ಡಿ ಓಡುತ್ತದೆ. ಸೆಮಿಸ್ಟರ್ ಸೆಮಿಸ್ಟರಿಗೆ ಬೇಕಾದಷ್ಟೇ ಬಿಡುಗಡೆ ಮಾಡಿಸಿಕೊಂಡರೆ ಬಿಡುಗಡೆಯಾದ ಮೊತ್ತಕ್ಕೆ ಮಾತ್ರ ಬಡ್ಡಿ. ಮಂಜೂರಾತಿ ಪತ್ರದಲ್ಲಿ ಆ ಷರತ್ತು ಇದೆಯೇ ಎಂದು ಓದಿ ಸಹಿ ಹಾಕಿ.