ಹಾಯಿದೋಣಿಯಲ್ಲಿ ಗ್ರೀಕ್ ದ್ವೀಪಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ದೋಣಿಯನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು, ಅದರಲ್ಲೇ ಉಂಡು ಮಲಗಿ, ದ್ವೀಪದಿಂದ ದ್ವೀಪಕ್ಕೆ ಸಾಗುವ ಪ್ರವಾಸದ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಇಂಥ ಪ್ರವಾಸವನ್ನು ನಾನು ಎರಡು ಸಲ ಮಾಡಿದ್ದೇನೆ. ಎರಡು ಸಲವೂ ಚುಕ್ಕಾಣಿ ಹಿಡಿದವರು ಬೇರೆಯವರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ರಶ್ನೆ: ನಾವು ದಂಪತಿ, 9 ಮತ್ತು 13 ವರ್ಷದ ಇಬ್ಬರು ಮಕ್ಕಳು, ಜೊತೆಗೆ 68 ವರ್ಷದ ನಮ್ಮ ತಾಯಿ. ಅಥೆನ್ಸ್‌ನಿಂದ ದೋಣಿಯಲ್ಲಿ ಹೊರಟು ಮೈಕೊನೋಸ್ ಹಾಗೂ ಸ್ಯಾಂಟೊರಿನಿಯನ್ನು ನೋಡಿಕೊಂಡು ಒಂದು ವಾರದಲ್ಲಿ ಹಿಂದಿರುಗಬೇಕೆಂದಿದ್ದೇವೆ. ಮಕ್ಕಳ ಬೇಸಿಗೆ ರಜೆ ಅಥವಾ ದಸರಾ ರಜೆ ಬಿಟ್ಟರೆ ನಮಗೆ ಬೇರೆ ಸಮಯವಿಲ್ಲ. ಈ ಯೋಜನೆ ಸರಿಯೇ? — ಜಯನಗರದ ಓದುಗರು

ಉತ್ತರ: ಸಮಯದ ಆಯ್ಕೆಗೆ ದಾರಿಯಿದೆ, ಆದರೆ ನೀವು ಹಾಕಿಕೊಂಡಿರುವ ಮಾರ್ಗ ಸರಿಯಿಲ್ಲ. ನಕ್ಷೆಯಲ್ಲಿ ಗೇಣುದ್ದ ಕಾಣುವ ಆ ದೂರ, ಅಥೆನ್ಸ್‌ನ ಮರೀನಾದಿಂದ, ಅಂದರೆ ವಿಹಾರದೋಣಿಗಳ ಬಂದರಿನಿಂದ, ಸ್ಯಾಂಟೊರಿನಿಗೆ 120 ನಾಟಿಕಲ್ ಮೈಲಿಗೂ ಹೆಚ್ಚು. ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಆದ್ದರಿಂದ ಒಂದು ಕಡೆಗೇ ಸುಮಾರು 225 ಕಿ.ಮೀ. ಆಗುತ್ತದೆ. ಸುಮಾರು 40 ಅಡಿಯ ಹಾಯಿದೋಣಿ ಗಂಟೆಗೆ ಐದಾರು ನಾಟಿಕಲ್ ಮೈಲಿ ಸಾಗಿದರೆ ಅದು ಒಳ್ಳೆಯ ದಿನವೇ ಸರಿ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸೈಕಲ್ ಮೇಲೆ ಹೊರಟಂತೆ ಎಂದು ಲೆಕ್ಕ ಹಾಕಿಕೊಳ್ಳಿ. ಹಾಗೆ ಹೋಗಿ, ಅದೇ ವಾರದಲ್ಲಿ ಮರಳಿ ಬರಲೂ ಬೇಕು.

ಮರಳುವುದೇ ನಿಜವಾದ ಕಷ್ಟ. ಏಜಿಯನ್ ಸಮುದ್ರದಲ್ಲಿ ಬೇಸಿಗೆಯುದ್ದಕ್ಕೂ, ವಿಶೇಷವಾಗಿ ಜುಲೈ ಮತ್ತು ಆಗಸ್ಟ್‌ನಲ್ಲಿ, ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಬಾಲ್ಕನ್ ಪ್ರದೇಶದ ಮೇಲಿನ ಅಧಿಕ ಒತ್ತಡಕ್ಕೂ ಟರ್ಕಿಯ ಮೇಲಿನ ಕಡಿಮೆ ಒತ್ತಡಕ್ಕೂ ನಡುವೆ ಹುಟ್ಟುವ ಗಾಳಿ ಇದು. ಟರ್ಕಿಯ ಆ ಕಡಿಮೆ ಒತ್ತಡವೋ, ನಮ್ಮ ಕಡೆಗೆ ಮುಂಗಾರನ್ನು ಎಳೆದು ತರುವ ಏಷ್ಯಾದ ದೊಡ್ಡ ಒತ್ತಡಪಟ್ಟಿಯ ಪಶ್ಚಿಮದ ಅಂಚು. ಹಾಗಾಗಿ ನಮಗೆ ಮಳೆ ತರುವ ವ್ಯವಸ್ಥೆಗೇ ಅಲ್ಲಿನ ಗಾಳಿಯೂ ನಂಟು ಎನ್ನಬಹುದು. ವ್ಯತ್ಯಾಸವೆಂದರೆ ಅಲ್ಲಿ ಒಂದು ತುಣುಕು ಮೋಡವೂ ಇರುವುದಿಲ್ಲ. ನೀಲಿ ಆಕಾಶದ ಕೆಳಗೆ ಗಂಟೆಗೆ 40ರಿಂದ 50 ಕಿ.ಮೀ. ವೇಗದಲ್ಲಿ, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ, ದಿನಗಟ್ಟಲೆ ಬೀಸುತ್ತದೆ. ದಕ್ಷಿಣಕ್ಕೆ ಹೋಗುವಾಗ ಬೆನ್ನಿಗಿದ್ದ ಈ ಗಾಳಿ, ಉತ್ತರಕ್ಕೆ ತಿರುಗಿದ ಕೂಡಲೇ ಮುಖಕ್ಕೆ ಅಲೆ ಎರಚುತ್ತದೆ. ಆಗ ನಿಮ್ಮ ತಾಯಿಯವರ ಸ್ಥಿತಿಯನ್ನು ನೆನೆಸಿಕೊಳ್ಳಿ.

ಅಲ್ಲದೆ ಸ್ಯಾಂಟೊರಿನಿ ಹಾಯಿದೋಣಿಗಳಿಗೆ ಹೇಳಿ ಮಾಡಿಸಿದ ದ್ವೀಪವಲ್ಲ. ಜ್ವಾಲಾಮುಖಿ ಕುಸಿದು ಉಂಟಾದ ಅದರ ಒಳಸಮುದ್ರದಲ್ಲಿ ಬಂಡೆಯ ಗೋಡೆಗಳು ನೇರ ಕೆಳಕ್ಕಿಳಿಯುವುದರಿಂದ, ಹೆಚ್ಚಿನ ಕಡೆ ಲಂಗರು ತಳ ಮುಟ್ಟುವುದೇ ಇಲ್ಲ. ದಕ್ಷಿಣ ತೀರದ ವ್ಲಿಖಾಡಾ ಎಂಬ ಸಣ್ಣ ಬಂದರಿನಲ್ಲಿ ಜಾಗ ಸಿಗುವುದು ಅದೃಷ್ಟದ ಮಾತು. ಸ್ಯಾಂಟೊರಿನಿಯನ್ನು ನೋಡಲೇಬೇಕೆಂದಿದ್ದರೆ, ದೋಣಿಯ ವಾರ ಮುಗಿದ ಮೇಲೆ ಪಿರೇಯಸ್ ಬಂದರಿನಿಂದ ಫೆರ್ರಿಯಲ್ಲಿ ಹೋಗಿ ಎರಡು ರಾತ್ರಿ ಇದ್ದು ಬನ್ನಿ.

ದೋಣಿಯ ವಾರವನ್ನು ಸರೋನಿಕ್ ಕೊಲ್ಲಿಗೆ ಮೀಸಲಿಡಿ. ಅಥೆನ್ಸ್ ನಗರದ ಅಲಿಮೋಸ್ ಮರೀನಾದಿಂದ ಈಜೀನಾ ದ್ವೀಪಕ್ಕೆ ಮೂರು ಗಂಟೆಯ ದಾರಿ. ಪಿಸ್ತಾ ತೋಟಗಳಿಗೆ ಹೆಸರಾದ ಆ ದ್ವೀಪದಲ್ಲಿ ಅಫಾಯಾ ದೇವತೆಯ ಪ್ರಾಚೀನ ದೇಗುಲವಿದೆ. ಮುಂದೆ ಪೋರೊಸ್, ಅಲ್ಲಿ ದ್ವೀಪಕ್ಕೂ ಮುಖ್ಯಭೂಮಿಗೂ ನಡುವೆ ಕೆಲವು ನೂರು ಮೀಟರುಗಳಷ್ಟೇ ನೀರು. ಅದರಾಚೆಗೆ, ಕಾರುಗಳಿಗೆ ಪ್ರವೇಶವಿಲ್ಲದೆ ಕತ್ತೆಗಳ ಮೇಲೆ ಸಾಮಾನು ಸಾಗಿಸುವ ಹೈಡ್ರಾ. ಹಿಂದಿರುಗುವಾಗ ಪಾಲಿಯಾ ಎಪಿದಾವ್ರೋಸ್ ಎಂಬ ಊರಿನಲ್ಲಿ ನಿಂತರೆ, ಟ್ಯಾಕ್ಸಿ ಹಿಡಿದು ಕ್ರಿ.ಪೂ. 4ನೇ ಶತಮಾನದ ಪ್ರಸಿದ್ಧ ರಂಗಮಂದಿರವನ್ನು ನೋಡಿ ಬರಬಹುದು. ಎಲ್ಲ ಸೇರಿ ದಿನಕ್ಕೆ ಮೂರರಿಂದ ಐದು ಗಂಟೆಯ ಪಯಣ, ಉಳಿದ ಹೊತ್ತು ಈಜು, ಊಟ, ತಿರುಗಾಟ. ಮಕ್ಕಳಿಗೂ ಅಜ್ಜಿಗೂ ಹಿಡಿಸುವುದು ಇಷ್ಟೇ.

ಇನ್ನು ಸಮಯ. ಏಪ್ರಿಲ್‌ನಲ್ಲಿ ಅಲ್ಲಿನ ನೀರು ನಮ್ಮವರಿಗೆ ಕಾಲಿಡಲಾಗದಷ್ಟು ತಣ್ಣಗಿರುತ್ತದೆ. ಮೇ ತಿಂಗಳ ಕೊನೆಗೆ ಪರವಾಗಿಲ್ಲ. ನನ್ನ ಮತ ದಸರಾ ರಜೆಗೆ. ಬೇಸಿಗೆಯಿಡೀ ಕಾಯ್ದ ಸಮುದ್ರ ಅಕ್ಟೋಬರ್ ಮೊದಲ ಭಾಗದಲ್ಲಿ ಇನ್ನೂ ಬೆಚ್ಚಗಿರುತ್ತದೆ, ಮೆಲ್ಟೆಮಿ ಅಡಗಿರುತ್ತದೆ, ಬಾಡಿಗೆಯೂ ಇಳಿದಿರುತ್ತದೆ. ಒಂದೆರಡು ದಿನ ಮಳೆ ಬಂದೀತು. ಬಹುತೇಕ ಕಂಪನಿಗಳು ಅಕ್ಟೋಬರ್ ಕೊನೆಗೆ ಬಾಗಿಲು ಹಾಕುವುದರಿಂದ, ಆ ವರ್ಷದ ದಸರಾ ಯಾವಾಗ ಬರುತ್ತದೆಂದು ಪಂಚಾಂಗ ನೋಡಿಕೊಂಡೇ ದೋಣಿ ಕಾದಿರಿಸಿ.

ಪ್ರಶ್ನೆ: ನನಗೆ ಕೆರೆಯಲ್ಲಿ ಸಣ್ಣ ಹಾಯಿದೋಣಿ ನಡೆಸಿ ಅಭ್ಯಾಸವಿದೆ. ಸ್ಕಿಪ್ಪರ್ ಇಲ್ಲದೆ ನಾನೇ ದೋಣಿ ನಡೆಸಬಹುದೇ? — ಮಲ್ಲೇಶ್ವರದ ಓದುಗರು

ಉತ್ತರ: ಪ್ರಮಾಣಪತ್ರವಿಲ್ಲದೆ ಸಾಧ್ಯವಿಲ್ಲ. ಬೇರ್‌ಬೋಟ್ ಎಂದು ಕರೆಯುವ, ಚಾಲಕರಿಲ್ಲದ ದೋಣಿಯನ್ನು ಕೊಡಬೇಕಾದರೆ ಗ್ರೀಸ್‌ನಲ್ಲಿ ಒಬ್ಬರ ಬಳಿ ಮಾನ್ಯತೆಯುಳ್ಳ ಹಾಯಿದೋಣಿ ಪರವಾನಗಿ ಇರಬೇಕು. ಜೊತೆಗೆ ದೋಣಿಯ ಕೆಲಸ ಬಲ್ಲ ಎರಡನೆಯವರೊಬ್ಬರೂ ಇರಬೇಕು. ಇಂಗ್ಲೆಂಡಿನ ಆರ್‌ವೈಎ ಸಂಸ್ಥೆಯ ಡೇ ಸ್ಕಿಪ್ಪರ್ ಕೋರ್ಸ್ ಮುಗಿಸಿದವರು, ಐಸಿಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರವುಳ್ಳವರು ಸಾಮಾನ್ಯವಾಗಿ ಹೋಗುತ್ತಾರೆ. ನಿಮ್ಮ ಬಳಿ ಯಾವ ಪತ್ರವಿದ್ದರೂ, ಮುಂಗಡ ಕಟ್ಟುವ ಮೊದಲೇ ಅದರ ಪ್ರತಿಯನ್ನು ಕಂಪನಿಗೆ ಕಳುಹಿಸಿ, ಬಂದರು ಅಧಿಕಾರಿಗಳು ಅದನ್ನು ಒಪ್ಪುತ್ತಾರೆಂದು ಬರಹದಲ್ಲಿ ಪಡೆದುಕೊಳ್ಳಿ.

ಕೆರೆಯ ಅಭ್ಯಾಸ ವ್ಯರ್ಥವೆಂದು ತಿಳಿಯಬೇಡಿ. ಗಾಳಿಯನ್ನು ಓದುವುದನ್ನು ಅದು ಕಲಿಸಿರುತ್ತದೆ. ಆದರೆ ಎಂಟು ಹತ್ತು ಟನ್ ತೂಗುವ ದೋಣಿಯನ್ನು ಅಡ್ಡಗಾಳಿಯಲ್ಲಿ ಹಿಮ್ಮುಖವಾಗಿ ತಂದು ದಕ್ಕೆಗೆ ಕಟ್ಟುವುದು ಬೇರೆಯೇ ವಿದ್ಯೆ. ಮೊದಲ ಸಲ ಸ್ಕಿಪ್ಪರ್ ಇಟ್ಟುಕೊಂಡು ಅವರ ಕೈಕೆಳಗೆ ಕೆಲಸ ಕಲಿಯಿರಿ. ಮುಂದೆ ಪರವಾನಗಿ ಪಡೆದ ಮೇಲೆ ಪಶ್ಚಿಮದ ಅಯೋನಿಯನ್ ಸಮುದ್ರಕ್ಕೆ ಹೋಗಿ. ಲೆಫ್ಕಾಡಾ, ಇಥಾಕಾ, ಕೆಫಲೋನಿಯಾ ದ್ವೀಪಗಳ ನಡುವೆ ಬೇಸಿಗೆಯ ಬೆಳಗುಗಳು ಬಹುಪಾಲು ಶಾಂತವಾಗಿರುತ್ತವೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಹದವಾದ ಗಾಳಿ ಎದ್ದು ಸಂಜೆಗೆ ಇಳಿಯುತ್ತದೆ. ಹತ್ತು ಹನ್ನೆರಡು ದೋಣಿಗಳು ಒಂದು ಮಾರ್ಗದರ್ಶಿ ದೋಣಿಯೊಡನೆ ಸಾಗುವ ಫ್ಲೊಟಿಲ್ಲಾ ಪ್ರವಾಸಗಳೂ ಅಲ್ಲಿ ನಡೆಯುತ್ತವೆ.

ಪ್ರಶ್ನೆ: ಒಟ್ಟು ಖರ್ಚೆಷ್ಟು? ಹೋಟೆಲ್ ಬುಕಿಂಗ್ ಇಲ್ಲದೆ ವೀಸಾ ಸಿಗುತ್ತದೆಯೇ? — ರಾಜಾಜಿನಗರದ ಓದುಗರು

ಉತ್ತರ: ನಾಲ್ಕು ಕೋಣೆಗಳಿರುವ, ಕೆಲವು ವರ್ಷ ಹಳೆಯದಾದ ಒಂದು ದೋಣಿಗೆ ಮೇ ಅಥವಾ ಅಕ್ಟೋಬರ್‌ನಲ್ಲಿ ವಾರಕ್ಕೆ ಸುಮಾರು 2,000ದಿಂದ 3,500 ಯೂರೋ ಎಂದಿಟ್ಟುಕೊಳ್ಳಿ, ಜುಲೈ, ಆಗಸ್ಟ್‌ನಲ್ಲಿ ಇದು ಬಹಳ ಏರುತ್ತದೆ. ಸ್ಕಿಪ್ಪರ್‌ಗೆ ದಿನಕ್ಕೆ ಸುಮಾರು 200 ಯೂರೋ. ಅವರ ಊಟ ನಿಮ್ಮದೇ, ಮಲಗಲು ಒಂದು ಕೋಣೆಯನ್ನೂ ಬಿಟ್ಟುಕೊಡಬೇಕು. ಡೀಸೆಲ್, ಕೊನೆಯ ದಿನದ ಶುಚಿತ್ವ ಶುಲ್ಕ, ಬಂದರು ಶುಲ್ಕ, ಹಾಸಿಗೆ ಬಟ್ಟೆ ಇವು ಬೇರೆ. ಎರಡು ಒಡಲಿನ ಕ್ಯಾಟಮರಾನ್ ವಾಲುವುದಿಲ್ಲ, ವಯಸ್ಸಾದವರಿಗೆ ಹಿತ. ಆದರೆ ಬಾಡಿಗೆಯೂ ಹೆಚ್ಚು, ಬಂದರಿನಲ್ಲಿ ಬೇಡುವ ಜಾಗವೂ ಹೆಚ್ಚು.

ವೀಸಾ ಅರ್ಜಿಗೆ ದೋಣಿಯ ಬಾಡಿಗೆ ಕರಾರನ್ನೇ ವಾಸ್ತವ್ಯದ ದಾಖಲೆಯಾಗಿ ಲಗತ್ತಿಸಿ, ಅದರಲ್ಲಿ ಪ್ರಯಾಣಿಕರೆಲ್ಲರ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಲಿ. ದೋಣಿಗಳನ್ನು ಸಾಮಾನ್ಯವಾಗಿ ಶನಿವಾರ ಸಂಜೆ ಕೊಟ್ಟು ಮುಂದಿನ ಶನಿವಾರ ಬೆಳಗ್ಗೆ ಹಿಂಪಡೆಯುವುದರಿಂದ, ಅದರ ಹಿಂದುಮುಂದಿನ ರಾತ್ರಿಗಳಿಗೆ ಅಥೆನ್ಸ್‌ನಲ್ಲಿ ಹೋಟೆಲ್ ಕಾದಿರಿಸಿ ಆ ರಸೀದಿಯನ್ನೂ ಸೇರಿಸಿ. ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ವಯಸ್ಕರಿಗೆ ಶುಲ್ಕ 90 ಯೂರೋ, ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಹಣ ಕಳುಹಿಸುವಾಗ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಕಡಿತವಾದರೆ ಗಾಬರಿ ಬೇಡ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ದೋಣಿಯಲ್ಲಿ ನಮ್ಮ ಅಡುಗೆ ಮಾಡಿಕೊಳ್ಳಲು ಆಗುತ್ತದೆಯೇ? ಏನೇನು ಒಯ್ಯಬೇಕು? — ಬಸವನಗುಡಿಯ ಓದುಗರು

ಉತ್ತರ: ಧಾರಾಳವಾಗಿ ಆಗುತ್ತದೆ. ದೋಣಿಯ ಅಡುಗೆಮನೆಯಲ್ಲಿ ಎರಡು ಅಥವಾ ಮೂರು ಬರ್ನರ್‌ಗಳ ಗ್ಯಾಸ್ ಒಲೆಯಿರುತ್ತದೆ. ಅದನ್ನು ತೊಟ್ಟಿಲಿನಂತೆ ಎರಡು ಕೀಲುಗಳ ಮೇಲೆ ತೂಗುಬಿಟ್ಟಿರುತ್ತಾರೆ, ದೋಣಿ ಎತ್ತ ವಾಲಿದರೂ ಒಲೆ ಮಟ್ಟವಾಗಿಯೇ ನಿಲ್ಲುತ್ತದೆ; ಪಾತ್ರೆ ಜಾರದಂತೆ ಹಿಡಿದುಕೊಳ್ಳುವ ಲೋಹದ ತೋಳುಗಳೂ ಇರುತ್ತವೆ. ಹಾಗೆಂದು ಸಾಗುತ್ತಿರುವಾಗ ಒಗ್ಗರಣೆಗೆ ಎಣ್ಣೆ ಕಾಯಿಸಲು ಹೋಗಬೇಡಿ. ಲಂಗರು ಹಾಕಿದ ಮೇಲೆಯೇ ಅಡುಗೆ.

ಮೂರು ಲೀಟರಿನ ಕುಕ್ಕರ್ ಮನೆಯಿಂದಲೇ ಒಯ್ಯಿರಿ. ಕೊಡುವ ಸಿಲಿಂಡರ್ ಚಿಕ್ಕದು, ಕುಕ್ಕರ್ ಇದ್ದರೆ ಗ್ಯಾಸ್ ಉಳಿಯುತ್ತದೆ. ನಮ್ಮ ಎರಡನೆಯ ಪ್ರವಾಸದಲ್ಲಿ ಅತ್ತಿಗೆಯವರು ಪೋರೊಸ್‌ನ ದಕ್ಕೆಯಲ್ಲಿ ಬೇಳೆ ಇಟ್ಟು ಎರಡನೆಯ ಸೀಟಿ ಹಾಕಿಸುವಷ್ಟರಲ್ಲಿ, ಪಕ್ಕದ ದೋಣಿಯ ವೃದ್ಧರೊಬ್ಬರು ತಮ್ಮ ಎಂಜಿನ್‌ನ ಎಚ್ಚರಿಕೆ ಗಂಟೆಯೆಂದು ತಿಳಿದು ನೆಲದ ಹಲಗೆ ಎತ್ತಿ ಪರೀಕ್ಷಿಸುತ್ತಿದ್ದರು. ಆಮೇಲೆ ಒಂದು ಬಟ್ಟಲು ಸಾರು ಅವರಿಗೂ ಹೋಯಿತು.

ಮಿಕ್ಸಿ ಮಾತ್ರ ಬೇಡ. ಮರೀನಾದ ವಿದ್ಯುತ್ತಿಗೆ ತಂತಿ ಸಿಕ್ಕಿಸಿದಾಗ ಬಿಟ್ಟರೆ ದೋಣಿ ನಡೆಯುವುದು 12 ವೋಲ್ಟ್ ಬ್ಯಾಟರಿಯಲ್ಲಿ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ರವೆ ಒಯ್ಯಿರಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ. ಆದ್ದರಿಂದ ತುಪ್ಪದ ಡಬ್ಬಿ, ಪೇಡ ಎರಡೂ ಮನೆಯಲ್ಲೇ ಉಳಿಯಬೇಕು. ತಾಜಾ ಕರಿಬೇವಿಗೂ ಪ್ರವೇಶವಿಲ್ಲ, ತೆಂಗಿನಕಾಯಿಗೆ ಮಾತ್ರ ವಿನಾಯಿತಿಯಿದೆ. ಮೊಸರಿನ ಚಿಂತೆಯಂತೂ ಬೇಡವೇ ಬೇಡ, ಅಲ್ಲಿನ ಗಟ್ಟಿ ಮೊಸರನ್ನು ನೀರು ಬೆರೆಸಿ ಕಲಸಿದರೆ ಮೊಸರನ್ನಕ್ಕೆ ಯಾವ ಕೊರತೆಯೂ ಇಲ್ಲ.

ದಡದ ಹೋಟೆಲುಗಳಲ್ಲಿ ‘ನಿಸ್ತೀಸಿಮೊ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ತಿನ್ನುವ, ಮಾಂಸ, ಹಾಲು, ಮೊಟ್ಟೆಗಳಿಲ್ಲದ ಅಡುಗೆ ಎಂದು ಅದರರ್ಥ. ಸಿಗಡಿಯಂಥವು ಆ ಉಪವಾಸಕ್ಕೆ ನಿಷಿದ್ಧವಲ್ಲವಾದ್ದರಿಂದ ಅದನ್ನೊಂದು ಕೇಳಿ ತಿಳಿದುಕೊಳ್ಳಬೇಕು. ಟೊಮೇಟೊ ಮತ್ತು ದಪ್ಪ ಮೆಣಸಿನಕಾಯಿಯೊಳಗೆ ಅನ್ನ ತುಂಬಿ ಬೇಯಿಸುವ ಗೆಮಿಸ್ತಾ, ದೊಡ್ಡ ಬಿಳಿ ಅವರೆಯಂಥ ಕಾಳಿನ ಗಿಗಾಂತೆಸ್, ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿದ ಫಾವಾ ಬಹಳ ಕಡೆ ಸಿಗುತ್ತವೆ. ಗೆಮಿಸ್ತಾ ಕೇಳುವಾಗ ಕೈಮಾ ಇಲ್ಲದ್ದೆಂದು ಒತ್ತಿ ಹೇಳಿ.

ಒಂದು ಮಾತು ಸೇರಿಸಬೇಕು. ದೋಣಿಯ ತೊಟ್ಟಿಯಲ್ಲಿರುವುದು ಕೆಲವು ನೂರು ಲೀಟರ್ ಸಿಹಿನೀರು. ಮಾರ್ಚ್ ತಿಂಗಳಲ್ಲಿ ಟ್ಯಾಂಕರ್ ಕಾದು ಕುಳಿತ ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾತ್ರೆಗಳನ್ನು ಮೊದಲು ಸಮುದ್ರದ ನೀರಿನಲ್ಲಿ ಉಜ್ಜಿ, ಕೊನೆಗೊಂದು ಸಲ ಸಿಹಿನೀರಿನಲ್ಲಿ ಅದ್ದಿ ತೆಗೆಯುವುದು ರೂಢಿ.

ಪ್ರಶ್ನೆ: ನನಗೆ ಆಗುಂಬೆ ಘಾಟಿಯಲ್ಲೇ ವಾಂತಿಯಾಗುತ್ತದೆ. ಹೋಗಬಹುದೇ? — ವಿಜಯನಗರದ ಓದುಗರು

ಉತ್ತರ: ಹೋಗಬಹುದು, ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ಅದನ್ನು ದೋಣಿ ಹೊರಡುವ ಮುನ್ನವೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಸಾಗುವಾಗ ಕೆಳಗಿನ ಕೋಣೆಗೆ ಇಳಿಯದೆ, ಮೇಲೆ ಕುಳಿತು ದಿಗಂತವನ್ನೇ ನೋಡುತ್ತಿರಿ. ತುರ್ತು ಸಂದರ್ಭಕ್ಕೆ ಗ್ರೀಸ್ ಕರಾವಳಿ ರಕ್ಷಣಾ ಪಡೆಯ ದೂರವಾಣಿ 108. ನಮ್ಮ ಆಂಬುಲೆನ್ಸ್ ಸಂಖ್ಯೆಯೇ ಆದ್ದರಿಂದ ಬಾಯಿಪಾಠ ಮಾಡಬೇಕಾಗಿಲ್ಲ.

ಪ್ರಶ್ನೆ: ಹಿಂದೊಮ್ಮೆ ಬೇರೊಂದು ದೇಶದಲ್ಲಿ ದೋಣಿ ಬಾಡಿಗೆಗೆ ಹಿಡಿದಾಗ, ನಾವು ಮಾಡದ ಗೀರೊಂದಕ್ಕೆ ಕಂಪನಿಯವರು ಠೇವಣಿಯಲ್ಲಿ ದೊಡ್ಡ ಮೊತ್ತ ಮುರಿದುಕೊಂಡರು. ಮತ್ತೆ ಹಾಗಾಗದಂತೆ ಏನು ಮಾಡಬೇಕು? — ಬನಶಂಕರಿಯ ಓದುಗರು

ಉತ್ತರ: ಠೇವಣಿ ಸಾಮಾನ್ಯವಾಗಿ ಸಾವಿರಾರು ಯೂರೋ ಆಗಿರುವುದರಿಂದ ದೋಣಿ ಪಡೆಯುವ ದಿನ ಅವಸರ ಮಾಡಬಾರದು. ಮೈಮೇಲಿನ ಪ್ರತಿ ಗೀರು, ಹಾಯಿಯ ಹೊಲಿಗೆ, ಸಣ್ಣ ರಬ್ಬರ್ ದೋಣಿ ಮತ್ತು ಅದರ ಮೋಟಾರು, ಇವನ್ನೆಲ್ಲ ಕಂಪನಿಯವರ ಎದುರಿನಲ್ಲೇ ವಿಡಿಯೊ ಮಾಡಿ, ಪಟ್ಟಿಯಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ. ಠೇವಣಿಗೆ ಪ್ರತ್ಯೇಕ ವಿಮೆಯೂ ಸಿಗುತ್ತದೆ. ಸ್ಕಿಪ್ಪರ್ ಇಟ್ಟುಕೊಂಡರೂ ಠೇವಣಿ ನಿಮ್ಮದೇ ಆಗಿರುವ ಸಂದರ್ಭವುಂಟು. ಅವರ ಕೈಯಿಂದ ಹಾನಿಯಾದರೆ ಹೊಣೆ ಯಾರದೆಂದು ಕರಾರಿನಲ್ಲಿ ನೋಡಿಕೊಳ್ಳಿ.

ಹಾನಿ ಹೆಚ್ಚಾಗಿ ಆಗುವುದು ಸಮುದ್ರದ ಮಧ್ಯದಲ್ಲಲ್ಲ, ಬಂದರಿನೊಳಗೆ. ಅಲ್ಲಿ ಲಂಗರನ್ನು ಮುಂದೆ ಇಳಿಬಿಟ್ಟು, ದೋಣಿಯ ಹಿಂಭಾಗವನ್ನು ದಕ್ಕೆಗೆ ಕಟ್ಟುವುದು ಪದ್ಧತಿ. ಹೈಡ್ರಾದ ಬಂದರು ಇಕ್ಕಟ್ಟಾದ್ದರಿಂದ ಸರಪಳಿಗಳು ಒಂದರ ಮೇಲೊಂದು ಬೀಳುತ್ತವೆ. ನಾವು ಬೆಳಗ್ಗೆ ಹೊರಡಲು ಲಂಗರು ಎತ್ತಿದಾಗ ಅದರ ಕೊಕ್ಕೆಯಲ್ಲಿ ಕೆಸರು ಮೆತ್ತಿದ ಇನ್ನೊಬ್ಬರ ಸರಪಳಿ ಜೋತು ಬಿದ್ದಿತ್ತು. ಆ ದೋಣಿಯವರು ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡೇ ಓಡಿಬಂದು ಕೂಗಾಡತೊಡಗಿದರು. ನಮ್ಮ ಸ್ಕಿಪ್ಪರ್ ಏನೂ ಉತ್ತರಿಸದೆ ಮೂತಿಯ ಬಳಿ ಮಂಡಿಯೂರಿ ಕುಳಿತು, ಒಂದು ಹಗ್ಗವನ್ನು ಆ ಸರಪಳಿಯ ಕೆಳಗೆ ತೂರಿಸಿ, ಎರಡೂ ತುದಿ ನಮ್ಮ ದೋಣಿಗೇ ಬಿಗಿದರು. ಲಂಗರನ್ನು ಒಂದು ಮಾರು ಕೆಳಕ್ಕೆ ಬಿಟ್ಟಾಗ ಸರಪಳಿ ಹಗ್ಗದ ಮೇಲೆ ನಿಂತು ಲಂಗರು ಬಿಡಿಸಿಕೊಂಡಿತು. ಹಗ್ಗದ ಒಂದು ತುದಿಯನ್ನು ಕಳಚಿದೊಡನೆ ಸರಪಳಿ ದಡಬಡನೆ ತಳಕ್ಕಿಳಿಯಿತು. ಬ್ರಷ್ ಹಿಡಿದವರು ತಲೆಯಾಡಿಸಿ ಒಳಗೆ ಹೋದರು. ಈ ಕೆಲಸವನ್ನು ಮಾಡಿರುವ ಸ್ಕಿಪ್ಪರ್ ನಿಮಗೆ ಸಿಗುತ್ತಾರೆಯೇ, ಸರೋನಿಕ್ ಕೊಲ್ಲಿಯಲ್ಲಿ ಅವರಿಗೆ ಎಷ್ಟು ವರ್ಷದ ಅನುಭವವಿದೆ ಎಂಬುದನ್ನು ಠೇವಣಿ ಕಟ್ಟುವ ಮೊದಲೇ ಕಂಪನಿಯವರನ್ನು ಕೇಳಿ.